ಹಿಂದಿನ ಸೀಟಿನ ಭಾವ

ಹಳೇ ಕಾರು ಸಾಕಿಕೊಂಡವರಲ್ಲಿ ಎರಡು ಪಂಗಡ. ಒಂದು ಮಡಿವಂತರದು. ಕಾರು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೇ ಇರಬೇಕು. ವೈಪರಿನ ತಿರುಪು ಕೂಡ ಆ ಕಾಲದ್ದೇ ಆಗಬೇಕು. ಈಚಿನ ನಟ್ಟೊಂದು ಸೋಕಿದರೂ ಮೈಲಿಗೆ. ಇನ್ನೊಂದು ಸುಧಾರಕರದು. ಇವರಿಗೂ ಹಳೇ ಕಾರೇ ಬೇಕು, ಆದರೆ ಅದು ಹಳೇ ಕಾರಿನ ಹಾಗೆ ನಡೆದುಕೊಳ್ಳಬಾರದು. ಮಡಿವಂತರಿಂದ ಊರಿಗೆ ಉಪದ್ರವ ಕಡಿಮೆ. ಕಾರಿಗೆ ಹೊದಿಕೆ ಹೊದಿಸಿಟ್ಟು, ವರ್ಷಕ್ಕೊಮ್ಮೆ ರ‍್ಯಾಲಿಗೆ ತೆಗೆದು, ಪೇಟ ಸುತ್ತಿಕೊಂಡು ಫೋಟೊ ತೆಗೆಸಿಕೊಂಡು ಮತ್ತೆ ಒಳಗೆ ನಿಲ್ಲಿಸುತ್ತಾರೆ. ಸುಧಾರಕರಿಗೆ ಅಷ್ಟು ಸಾಲದು. ಅವರು ಮಾಡಿದ ಸುಧಾರಣೆಯನ್ನು ಅನುಭವಿಸಿ ಹೇಳುವುದಕ್ಕೆ ಒಂದು ಜೀವ ಬೇಕು.

ನನ್ನನ್ನು ಹೀಗೆ ಹಿಡಿದುಕೊಂಡಿರುವ ಸುಧಾರಕರು ನನ್ನ ಷಡ್ಡಕರೇ. ಮಾವನವರು ತೀರಿಕೊಂಡ ಮೇಲೆ ನನ್ನ ಹೆಂಡತಿಯ ಪಾಲಿಗೆ ಗಾಡ್ರೆಜ್ ಬೀರು ಬಂತು, ಅವಳ ತಂಗಿಯ ಪಾಲಿಗೆ 1954ರ ಮಾರಿಸ್ ಮೈನರ್ ಕಾರು ಬಂತು. ಆಗ ನನಗೆ ಕೊಂಚ ಹೊಟ್ಟೆಕಿಚ್ಚಾದದ್ದು ನಿಜ. ಆದರೆ ಬೀರು ಇವತ್ತಿನವರೆಗೆ ಒಂದು ಹನಿ ಎಣ್ಣೆ ಸೋರಿಸಿಲ್ಲ, ಭಾನುವಾರ ಬೆಳಿಗ್ಗೆ ಯಾರನ್ನೂ ಹಾಸಿಗೆಯಿಂದ ಎಬ್ಬಿಸಿಲ್ಲ.

ಷಡ್ಡಕರು ಬ್ಯಾಂಕಿನಿಂದ ನಿವೃತ್ತರು. ಸಾಲದ ಫೈಲು ನೋಡುತ್ತಿದ್ದ ಕಣ್ಣಿನಲ್ಲೇ ಈಗ ಕಾರಿನ ಅಡಿ ನೋಡುತ್ತಾರೆ: ಎಲ್ಲಿ ಸೋರಿಕೆ? ಮದುವೆಮನೆಯಲ್ಲಿ ಎಲೆಯ ಮುಂದೆ ಕೂತಿದ್ದರೂ ಹೊರಗೆ ಹಾದುಹೋದ ಗಾಡಿಯ ಸದ್ದು ಕೇಳಿ, ಪಾಯಸ ನಿಲ್ಲಿಸಿ, “ಬುಶ್ ಹೋಗಿದೆ” ಅನ್ನುತ್ತಾರೆ. ಅವರ ಮನೆಯ ಬಿಸ್ಕತ್ತಿನ ಡಬ್ಬಿಗಳಲ್ಲಿ ಬಿಸ್ಕತ್ತು ಸಿಕ್ಕ ಉದಾಹರಣೆ ಇಲ್ಲ. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯವರು ಅವರನ್ನು ಕಂಡರೆ ಸ್ಟೂಲು ಎಳೆದು ಕಾಫಿ ತರಿಸುತ್ತಾರೆ. ವ್ಯಾಪಾರವಾಗುತ್ತದೆಂದಲ್ಲ; ಹೊತ್ತು ಹೋಗುತ್ತದೆ.

ಈ ಕಾರನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಷಡ್ಡಕರಿಗೆ ಮನೆದೇವರಿದ್ದ ಹಾಗೆ, ಪುರಾಣವೂ ಬಾಯಿಪಾಠ. ಕಾರು ಇನ್ನೇನು ಸಿದ್ಧವಾಯಿತು ಅನ್ನುವಾಗ ಆ ಪುಣ್ಯಾತ್ಮನಿಗೆ ಅದು ಇಕ್ಕಟ್ಟಾಗಿ ಕಂಡಿತು. ಮಾದರಿ ಕಾರನ್ನು ಉದ್ದಕ್ಕೆ ಸೀಳಿಸಿದ. ಹೋಳುಗಳನ್ನು ಸರಿಸುತ್ತಾ ಸರಿಸುತ್ತಾ, ನಡುವೆ ನಾಲ್ಕು ಅಂಗುಲ ಜಾಗವಾದಾಗ ಸಾಕು ಅಂದ. ಬಂಪರುಗಳು ಆಗಲೇ ತಯಾರಾಗಿಬಿಟ್ಟಿದ್ದವು. ಅವನ್ನೂ ನಡುವೆ ಕತ್ತರಿಸಿ ತೇಪೆ ಹಾಕಿದರು. ಕಂಪನಿಯ ಧಣಿ ಲಾರ್ಡ್ ನಫೀಲ್ಡ್ ಕಾರನ್ನು ನೋಡಿ, ಇದೇನು ನೀರಿನಲ್ಲಿ ಒಡೆದು ಬೇಯಿಸಿದ ಮೊಟ್ಟೆಯೇ ಎಂದು ಮೂಗು ಮುರಿದ. 1948ರಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಬೆಳಕು ಕಂಡ ಆ ಮೊಟ್ಟೆಯೇ ಹತ್ತು ಲಕ್ಷದ ಗಡಿ ದಾಟಿದ ಮೊದಲ ಬ್ರಿಟಿಷ್ ಕಾರಾಯಿತು; ನಮ್ಮ ದೇಶದಲ್ಲೂ ‘ಬೇಬಿ ಹಿಂದುಸ್ತಾನ್’ ಎಂಬ ಹೆಸರಿನಲ್ಲಿ ಓಡಾಡಿತು. ಕಥೆ ಚೆನ್ನಾಗಿಯೇ ಇದೆ. ಆದರೆ ಪ್ರತಿಸಲವೂ ಅದರ ಫಲಶ್ರುತಿ ನನ್ನ ಕಡೆಗೇ ತಿರುಗುತ್ತದೆ: “ಆ ನಾಲ್ಕು ಅಂಗುಲ ಇಲ್ದೇ ಇದ್ದಿದ್ರೆ, ಭಾವ, ನೀವು ಹಿಂದಿನ ಸೀಟಲ್ಲಿ ಹಿಡಿಸ್ತಾನೇ ಇರ್ಲಿಲ್ಲ.”

ಹಿಂದಿನ ಸೀಟಿನ ಮಾತು ಬಂತಲ್ಲ, ನನ್ನ ಕಷ್ಟ ಶುರುವಾಗುವುದೇ ಅಲ್ಲಿ.

ಮೈನರಿನ ಹಿಂಭಾಗ ಲಾರಿಗಳಿಗಿರುವಂಥದೇ ಪಟ್ಟಿ ಸ್ಪ್ರಿಂಗಿನ ಮೇಲೆ ಕೂತಿದೆ. ಗುಂಡಿಯ ಪೆಟ್ಟು ತಿನ್ನುವುದು ಆ ಸ್ಪ್ರಿಂಗು. ಆದರೆ ಒಮ್ಮೆ ಬಗ್ಗಿದ ಸ್ಪ್ರಿಂಗು ತನ್ನಷ್ಟಕ್ಕೆ ಸುಮ್ಮನಾಗುವ ಜಾತಿಯಲ್ಲ. ಅದರ ಕುಣಿತ ಅಡಗಿಸುವುದಕ್ಕೆ ಶಾಕ್ ಅಬ್ಸಾರ್ಬರ್ ಇರುವುದು. ಎಣ್ಣೆಯನ್ನು ಸಣ್ಣ ಕಂಡಿಗಳಲ್ಲಿ ತೂರಿಸಿ, ಕುಣಿತವನ್ನೆಲ್ಲ ಶಾಖ ಮಾಡಿ ಗಾಳಿಗೆ ಬಿಟ್ಟುಬಿಡುತ್ತದೆ. ಮೈನರಿನದು ಹಳೇ ಕಾಲದ ಲಿವರ್ ಮಾದರಿ: ಕಾರಿನ ಮೈಗೆ ಬಿಗಿದ ಲೋಹದ ಡಬ್ಬಿ, ಅದರಿಂದ ಹೊರಟ ತೋಳು, ತೋಳಿನ ತುದಿಯಿಂದ ಆಕ್ಸಲ್ಲಿನವರೆಗೆ ಒಂದು ಕಡ್ಡಿ. ಡಬ್ಬಿಯಲ್ಲಿ ಎಣ್ಣೆ ಕಡಿಮೆ, ಪಿಸ್ಟನ್ ಓಡಾಡುವ ದೂರ ಇನ್ನೂ ಕಡಿಮೆ, ಹಾಗಾಗಿ ಒಳಗಿನ ಒತ್ತಡ ವಿಪರೀತ. ವಯಸ್ಸಾದ ಮೇಲೆ ತೋಳಿನ ಬುಡದಲ್ಲಿ ಎಣ್ಣೆ ಜಿನುಗುತ್ತದೆ. ಮಾವನವರ ಕೊನೆಗಾಲದಲ್ಲಿ ಈ ಕಾರಿನ ಹಿಂಬದಿಯ ಮೂಲೆ ಒತ್ತಿ ಬಿಟ್ಟರೆ ಕೋಲೆ ಬಸವನ ಹಾಗೆ ಎಲ್ಲದಕ್ಕೂ ತಲೆಯಾಡಿಸುತ್ತಿತ್ತು.

ಶಿವಾಜಿನಗರದ ಮೆಕ್ಯಾನಿಕ್ಕು, “ಆಗಾಗ ಎಣ್ಣೆ ಹಾಕ್ಕೊಂಡು ಓಡಿಸಿ ಸಾರ್, ನಿಧಾನವಾಗಿ ಹೋದ್ರಾಯ್ತು” ಎಂದ. ಇದು ವಿವೇಕದ ಮಾತು. ಸುಧಾರಕರ ಕಿವಿಗೆ ಬೀಳುವಂಥದ್ದಲ್ಲ. ಇಂಗ್ಲೆಂಡಿನಲ್ಲಿ ಈ ಕಾರಿಗೆಂದೇ ಕೊಳವೆ ಮಾದರಿಯ ಶಾಕ್ ಅಬ್ಸಾರ್ಬರ್ ಸೆಟ್ಟು ಸಿಗುತ್ತದೆ. ಹಳೇ ಡಬ್ಬಿ ತೆಗೆದ ತೂತುಗಳಿಗೇ ಬ್ರಾಕೆಟ್ಟು ಕೂರುತ್ತದೆ, ಮೈ ಕೊರೆಯಬೇಕಾಗಿಲ್ಲ. ಅಲ್ಲಿರುವ ಮಗಳು ರಜಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ತಂದಳು. ನಾದಿನಿ ಆಸೆಯಿಂದ ಮುಚ್ಚಳ ತೆಗೆದರೆ ಮೇಲೇ ಆ ಕೊಳವೆಗಳು ಮಲಗಿದ್ದವು. “ಕೂಸು ಬರೋದು ಯಾವಾಗ್ಲೋ ಒಂದ್ಸಲ, ಅದರ ಕೈಲಿ ಕಬ್ಬಿಣ ಹೊರಿಸಿದ್ರಲ್ಲಾ” ಎಂದು ಅವಳು ಅಂದದ್ದಕ್ಕೆ ಷಡ್ಡಕರು, “ಪೂರ್ತಿ ಕಬ್ಬಿಣ ಅಲ್ಲ, ಒಳಗೆ ಎಣ್ಣೆ ಇದೆ” ಎಂದರು.

ಈ ಹೊಸ ಕೊಳವೆಗಳಿಗೆ ಕೆಳಗೊಂದು ತಿರುಗಣೆ. ತಿರುಗಿಸಿದರೆ ‘ಟಕ್’ ಅನ್ನುತ್ತದೆ. ಒಂದೊಂದು ಟಕ್ಕಿಗೂ ಬಿಗಿ ಜಾಸ್ತಿ. ಎಷ್ಟು ಟಕ್ಕಿಗೆ ನಿಲ್ಲಿಸಬೇಕು? ತಿಳಿಯಬೇಕಾದರೆ ಹಿಂದಿನ ಸೀಟಿನಲ್ಲಿ ಭಾರ ಇರಬೇಕು. ಮೊದಲು 25 ಕಿಲೋ ಅಕ್ಕಿಯ ಚೀಲಗಳನ್ನು ಕೂರಿಸಿದರು. ಒಂದು ಚೀಲ ಬಿರಿದು ಸೋನಾಮಸೂರಿಯೆಲ್ಲ ಸೀಟಿನ ಸಂದಿಗಿಳಿಯಿತು. ಅಲ್ಲದೆ, ಹೇಗಿತ್ತು ಎಂದು ಕೇಳಿದರೆ ಅಕ್ಕಿ ಬಾಯಿಬಿಡುವುದಿಲ್ಲ. ಆಗ ನನ್ನ ಹೆಸರು ಸೂಚಿಸಿದವಳು ನಾದಿನಿಯೇ ಎಂಬ ಗುಮಾನಿ ನನಗಿದೆ.

“ಭಾವ, ಅರ್ಧ ಗಂಟೆ ಅಷ್ಟೇ, ಬಂದ್ಬಿಡಿ.” ಆ ಅರ್ಧ ಗಂಟೆ ಹಾಲಿನವನು ಬರುವ ಹೊತ್ತಿಗೆ ಶುರುವಾಗಿ ಹುಳಿಗೆ ಒಗ್ಗರಣೆ ಬೀಳುವವರೆಗೆ ಎಳೆಯುತ್ತದೆ. ಅವರ ಕೈಯಲ್ಲೊಂದು ನೋಟ್‌ಬುಕ್ಕು. ಅದರಲ್ಲಿ ನಾನು ಹೀಗೆ ದಾಖಲಾಗಿದ್ದೇನೆ: ‘ಭಾವ, 86 ಕೆ.ಜಿ., ತಿಂಡಿಗೆ ಮುಂಚೆ.’ ಅದರ ಕೆಳಗೆ: ‘ಭಾವ, ಮಸಾಲೆ ದೋಸೆಯ ನಂತರ. ಹಿಂಭಾಗ ತುಸು ತಗ್ಗಿದೆ.’

ಪರೀಕ್ಷೆಯ ಜಾಗ ಅವರ ಬೀದಿ ತುದಿಯ ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ನೆಮ್ಮದಿಯಾಗಿ ದಾಟುವಂತಿರಬೇಕು. ಷಡ್ಡಕರು ರಸ್ತೆ ನಡುವೆ ಕುಕ್ಕರಗಾಲಿನಲ್ಲಿ ಕೂತು ಟೇಪು ಹಿಡಿದು ಅಳೆದರು. ಟೇಪಿನ ಆ ತುದಿ ನನ್ನ ಕೈಯಲ್ಲಿ. ಎತ್ತರದಲ್ಲಿ ಧಾರಾಳ, ಅಗಲದಲ್ಲಿ ಜಿಪುಣ: ಅದು ಹಂಪಲ್ಲ, ಮಲಗಿದ ಕಾಂಪೌಂಡು. ಹಿಂದಿನಿಂದ ಬಂದ ಆಟೋದವನು ಕತ್ತು ಚಾಚಿ, “ಸೈಟ್ ಅಳೀತಿದೀರಾ ಯಜಮಾನ್ರೇ?” ಎಂದು ಕೇಳಿಕೊಂಡು ಹೋದ.

ತಿರುಗಣೆ ಸಡಿಲವಿದ್ದಾಗ ಕಾರು ಹಂಪು ದಾಟಿ ಮುಂದೆ ಹೋಯಿತು, ನನ್ನ ಹೊಟ್ಟೆ ಆಮೇಲೆ ಬಂದು ಸೇರಿಕೊಂಡಿತು. ಪೂರ್ತಿ ಬಿಗಿ ಮಾಡಿದಾಗ ಕಾರು ಕುಣಿಯಲಿಲ್ಲ, ಆ ಕೆಲಸ ನಾನು ಮಾಡಿದೆ. ತಲೆ ಚಾವಣಿಗೆ ತಾಗಿತು. ಇಸಿಗೋನಿಸ್ ಅಗಲಕ್ಕೆ ನಾಲ್ಕು ಅಂಗುಲ ಕೊಟ್ಟವನು ಎತ್ತರಕ್ಕೂ ಒಂದೆರಡು ಕೊಟ್ಟಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಷಡ್ಡಕರು ಪೆನ್ಸಿಲ್ ಹಿಡಿದು ಹಿಂದಕ್ಕೆ ತಿರುಗಿದರು.

“ಬೌನ್ಸ್ ಎಷ್ಟಾಯ್ತು ಭಾವ? ಒಂದಾ, ಒಂದೂವರೇನಾ?”

“ಎರಡು.”

“ಕಾರಿಂದಾ, ನಿಮ್ಮದಾ?”

ಅಂತೂ ಒಂದು ಬೆಳಿಗ್ಗೆ ಟಕ್ಕಿನ ಲೆಕ್ಕ ಕೂಡಿಬಂತು. ಕಾರು ಹಂಪು ಹತ್ತಿತು, ಇಳಿಯಿತು, ಒಂದು ಸಲ ಬಾಗಿ ಸುಮ್ಮನಾಯಿತು. ಸಂಭ್ರಮಪಡುತ್ತಾರೆಂದು ನಾನು ಕಾದೆ. ಅವರು ಸ್ಟೀರಿಂಗ್ ಹಿಡಿದು ಸ್ವಲ್ಪ ಹೊತ್ತು ಕೂತಿದ್ದು, “ಅತ್ತೆ ಇದ್ದಾಗ್ಲೇ ಮಾಡಿಸ್ಬೇಕಿತ್ತು” ಎಂದರು. ಅತ್ತೆಯವರಿಗೆ ಬೆನ್ನುನೋವು. ನಾನು ಕೂತಿದ್ದ ಜಾಗದಲ್ಲೇ ದಿಂಬು ಇಟ್ಟುಕೊಂಡು ಕೂತು, ಒಂದೊಂದು ಗುಂಡಿಗೂ ರಾಮನಾಮ ಹೇಳುತ್ತಿದ್ದರು. ಆ ಕಾಲದಲ್ಲಿ ಷಡ್ಡಕರಿಗೆ ದುಡ್ಡಿದ್ದರೆ ಬಿಡುವಿರಲಿಲ್ಲ, ಬಿಡುವಿದ್ದರೆ ದುಡ್ಡಿರಲಿಲ್ಲ. ಸುಧಾರಣೆಗಳೆಲ್ಲ ಹೀಗೇ ಇರಬೇಕು. ಯಾರಿಗಾಗಿ ಮಾಡುತ್ತೇವೋ ಅವರು ಇಳಿದುಹೋದ ಮೇಲೆ ಮುಗಿಯುತ್ತವೆ, ಸುಖ ಮಾತ್ರ ಭಾವಂದಿರಿಗೆ ಸಿಗುತ್ತದೆ.

ಮಡಿವಂತರೊಬ್ಬರು ರ‍್ಯಾಲಿಯಲ್ಲಿ ಕಾರಿನಡಿ ಬಗ್ಗಿ ನೋಡಿ, ಒಂದೂ ಮಾತಾಡದೆ ಕೈ ಒರೆಸಿಕೊಂಡು ಹೋದರಂತೆ. ಅವರಿಗೆ ತಿಳಿಯದ್ದೇನೆಂದರೆ, ತೆಗೆದ ಹಳೇ ಡಬ್ಬಿಗಳೆರಡೂ ಪಂಚೆಯ ತುಂಡಿನಲ್ಲಿ ಸುತ್ತಿ, ‘ಎಡ’, ‘ಬಲ’ ಎಂಬ ಚೀಟಿ ಅಂಟಿಸಿಕೊಂಡು ಅಟ್ಟದ ಮೇಲಿವೆ. ನಾದಿನಿಯ ಬಾಣಂತನದ ತೊಟ್ಟಿಲಿಗೂ ಅಷ್ಟು ಒಳ್ಳೆಯ ಜಾಗ ಸಿಕ್ಕಿಲ್ಲ.

ಈಚೆಗೆ ಯಾರೋ ದೊಡ್ಡವರು ಆ ಬೀದಿಗೆ ಬರುತ್ತಾರೆಂದು ರಾತ್ರೋರಾತ್ರಿ ಹಂಪು ಕೆತ್ತಿ ನೆಲಸಮ ಮಾಡಿದರು. ಬೀದಿಯೆಲ್ಲ ಖುಷಿಪಟ್ಟಿತು, ಷಡ್ಡಕರ ಮುಖ ಬಾಡಿತು. “ಇನ್ನು ಯಾವುದಕ್ಕೆ ಹೋಲಿಸಿ ನೋಡೋಣ ಭಾವ?” ಎಂದರು. ಅಂದಿನಿಂದ ನಾವಿಬ್ಬರೂ ಜಯನಗರ, ಬನಶಂಕರಿಗಳಲ್ಲಿ ಒಳ್ಳೇ ಹಂಪು ಹುಡುಕಿಕೊಂಡು ತಿರುಗುತ್ತಿದ್ದೇವೆ. ಬೆಂಗಳೂರಿನಲ್ಲಿ ರಸ್ತೆ ಕೆಟ್ಟಿಲ್ಲವೆಂದು ನಿರಾಶರಾಗಿ ಮನೆಗೆ ಮರಳುವವರು ನಾವಿಬ್ಬರೇ ಇರಬೇಕು.

ಹೆಂಡತಿ ಕೇಳುತ್ತಾಳೆ, ಅಷ್ಟು ಬೈಕೊಂಡು ಯಾಕೆ ಹೋಗ್ತೀರಿ ಎಂದು. ನಮ್ಮ ವಯಸ್ಸಿನವರಿಗೆಲ್ಲ ಇರುವುದು ಒಂದೇ ಅಂಜಿಕೆ: ಮಕ್ಕಳಿಗೆ ಭಾರವಾಗಬಾರದು. ಹೀಗಿರುವಾಗ ವಾರ ತಪ್ಪಿದರೂ ತಪ್ಪದೆ ಫೋನು ಮಾಡಿ, “ಭಾವ, ನಿಮ್ಮ ಭಾರ ಬೇಕಾಗಿತ್ತು” ಅನ್ನುವ ಮನುಷ್ಯ ಊರಿನಲ್ಲಿ ಇನ್ನೊಬ್ಬ ಸಿಗುತ್ತಾನೆಯೇ? ಮೊನ್ನೆ ಡಾಕ್ಟರು ತೂಕ ಇಳಿಸಲೇಬೇಕೆಂದರು. ಷಡ್ಡಕರಿಗೆ ಹೇಳಿದೆ. ಅವರಿಗೆ ನಿಜವಾಗಿ ಗಾಬರಿಯಾಯಿತು.

“ಈಗ್ಲೇ ಇಳಿಸ್ಬೇಡಿ ಭಾವ, ರೀಡಿಂಗೆಲ್ಲ ಹಾಳಾಗುತ್ತೆ. ಮುಂದಿನ ಚಕ್ರದ್ದು ಇನ್ನೂ ಹಾಗೇ ಇದೆ. ಅದರ ತೋಳೇ ಚಕ್ರಾನ ಹಿಡ್ಕೊಂಡಿರೋದು, ಸುಲಭಕ್ಕೆ ಮುಗಿಯೋ ಕೆಲ್ಸ ಅಲ್ಲ. ಅಲ್ಲೀವರೆಗೂ ಹೀಗೇ ಇರಿ.”