ಹನ್ನೊಂದು ರೂಪಾಯಿ ಮತ್ತು ಕಾಲು ಕಿಲೋ ಚಟ್ನಿಪುಡಿ

ಮನೆಯಲ್ಲಿ ಇಡ್ಲಿ ಆವಿಯಾಡುತ್ತಿತ್ತು, ಚಟ್ನಿಪುಡಿ ಡಬ್ಬಿ ತಳ ಕಂಡಿತ್ತು. "ಐದೇ ನಿಮಿಷ" ಎಂದು ಚೀಲ ಹಿಡಿದು ಹೊರಟವನು ಮರಳಿದ್ದು ಮುಕ್ಕಾಲು ಗಂಟೆಗೆ. ಇಡ್ಲಿ ಆರಿತ್ತು, ಮನೆಯಾಕೆ ಕಾದಿದ್ದಳು. ಆ ಕ್ರಿಯಾಪದದ ಎರಡೂ ಅರ್ಥದಲ್ಲಿ.

ತಪ್ಪು ನನ್ನದಲ್ಲ. ನಮ್ಮ ಬೀದಿ ತಿರುವಿನ ಕಾಂಡಿಮೆಂಟ್ಸ್ ಅಂಗಡಿಯ ಮಾಲೀಕರು ಪುಡಿಯನ್ನು ಹಾಗೆ ಸುಮ್ಮನೆ ತೂಗಿಕೊಡುವವರಲ್ಲ. ತಕ್ಕಡಿಯಲ್ಲಿ ಪೊಟ್ಟಣ ಇಟ್ಟು, ಕೈ ಹಿಂದೆಗೆದು, ಸೂರು ನೋಡುತ್ತಾ, "ಸಾರ್, ನಾನು ತಿಪಟೂರಿಂದ ಮೆಜೆಸ್ಟಿಕ್‌ನಲ್ಲಿ ಬಂದಿಳಿದಾಗ ಜೇಬಲ್ಲಿ ಎಷ್ಟಿತ್ತು ಹೇಳಿ?" ಎನ್ನುತ್ತಾರೆ. ನನಗೆ ಗೊತ್ತು. ಮೊದಲ ಸಲ ಕೇಳಿದಾಗ ಮುನ್ನೂರು ಇತ್ತು. ಗೌರಿ ಹಬ್ಬದ ಹೊತ್ತಿಗೆ ಎಂಬತ್ತಾಯಿತು. ಅಂಗಡಿಗೆ ಗಾಜಿನ ಬಾಗಿಲು ಬಂದ ಮೇಲೆ ಐವತ್ತು, ಎರಡನೆಯ ಶಾಖೆ ತೆರೆದ ಮೇಲೆ ಹನ್ನೊಂದು. ವ್ಯಾಪಾರ ಏರಿದಂತೆಲ್ಲ ಆ ಹಳೆಯ ಜೇಬು ಬಡವಾಗುತ್ತಾ ಹೋಗುವ ಲೆಕ್ಕ ನನಗೆ ಇನ್ನೂ ಬಿಡಿಸಲಾಗಿಲ್ಲ. ಮೂರನೆಯ ಶಾಖೆ ತೆರೆದರೆ ಅವರು ಬೆಂಗಳೂರಿಗೆ ಸಾಲ ಹೊತ್ತೇ ಇಳಿದಿರುತ್ತಾರೆ.

ಜೇಬಾದ ಮೇಲೆ ಒರಳು. ಅವರ ತಾಯಿ ಕೋಳಿ ಕೂಗುವ ಮುಂಚೆ ಎದ್ದು ಕೊಬ್ಬರಿ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ ಕುಟ್ಟುತ್ತಿದ್ದದ್ದು; ಅಂಗೈಯಲ್ಲಿ ಎದ್ದ ಬೊಬ್ಬೆ; ಆ ಬೊಬ್ಬೆ ನೋಡಿ ಇವರು ಮಾಡಿದ ಪ್ರತಿಜ್ಞೆ. ಬೊಬ್ಬೆಯ ಹತ್ತಿರ ಬರುವಾಗ ಗಂಟಲು ತುಸು ಕಟ್ಟುತ್ತದೆ. ನನಗೂ ಕಟ್ಟುತ್ತದೆ, ಹುರಿದ ಮೆಣಸಿನಕಾಯಿಯ ಘಾಟಿಗೆ. ಕೆಮ್ಮಿದರೆ ಅವರು ನನ್ನ ತೋಳು ಹಿಡಿದು, "ನಿಮ್ಮಂಥವರಿಗೆ ಅರ್ಥ ಆಗುತ್ತೆ ಸಾರ್" ಎನ್ನುತ್ತಾರೆ. ಒಂದು ಸಲ ಅರ್ಥವಾದವನಿಗೆ ಬಿಡುಗಡೆ ಎಲ್ಲಿ?

ಈಗ ಈ ಕಥೆ ಪೊಟ್ಟಣದ ಮೇಲೂ ಬಂದಿದೆ. ಕಾನೂನಿನ ಪ್ರಕಾರ ಅಲ್ಲಿ ಏನೇನು ಹಾಕಿದ್ದಾರೆ, ಎಷ್ಟು ತೂಕ, ಯಾವ ದಿನ ತಯಾರಾಯಿತು, ಆಹಾರ ಸುರಕ್ಷತೆಯ ಹದಿನಾಲ್ಕು ಅಂಕಿಯ ಪರವಾನಗಿ ಸಂಖ್ಯೆ ಎಲ್ಲ ಇರಬೇಕು. ಇವೆ. ಆದರೆ ತಾಯಿ, ಒರಳು, ಬೊಬ್ಬೆ ಅಷ್ಟಗಲ ಹರಡಿಕೊಂಡಿರುವುದರಿಂದ ತಯಾರಾದ ದಿನ ಹುಡುಕಲು ಕನ್ನಡಕ ಬದಲಿಸಬೇಕು.

ಇವರೊಬ್ಬರೇ ಅಲ್ಲ. ಈ ಕುಲ ಎಲ್ಲೆಡೆ ಇದೆ. ಸೈಟು ಮಾರುವವನು ಬಾಡಿಗೆ ಮನೆಯಲ್ಲಿ ಅನುಭವಿಸಿದ ಅವಮಾನ ಹೇಳುತ್ತಾನೆ. ಲಿಂಕ್ಡ್‌ಇನ್‌ನಲ್ಲಿ ಒಬ್ಬ ಅಜ್ಜಿಯ ತಿಥಿಯಿಂದ ಶುರುಮಾಡಿ ಸಾಫ್ಟ್‌ವೇರಿನ ಚಂದಾಕ್ಕೆ ಬಂದು ನಿಲ್ಲುತ್ತಾನೆ.

ಹಾಗಂತ ಕಥೆಯೇ ಬೇಡ ಎನ್ನುವ ಒಣ ಮನುಷ್ಯ ನಾನಲ್ಲ. ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತರು 1984ರಲ್ಲಿ ಮುಂಬೈನ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದರು. ಅಪ್ಪ ಹಣ್ಣು ಮಾರುತ್ತಿದ್ದರೆಂಬ ಸಂಗತಿ ಸೀತಾಫಲದ ಐಸ್‌ಕ್ರೀಮಿಗೆ ನೇರ ಸಂಬಂಧಪಟ್ಟದ್ದು. ಹಣ್ಣಿನ ಹದ ಬಲ್ಲ ಮನೆಯದು ಎಂದು ನಂಬಿ ತಿನ್ನಬಹುದು. ಇನ್ನು ನಮ್ಮ ಲಾಲ್‌ಬಾಗ್ ರಸ್ತೆಯ ಎಂಟಿಆರ್. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ತಿಂಡಿಯ ದರ ಇಳಿಸಿದಾಗ, ರುಚಿ ಇಳಿಸದೆ, ಅಂದಂದಿನ ನಷ್ಟ ಎಷ್ಟೆಂದು ಬಾಗಿಲಲ್ಲಿ ಬೋರ್ಡು ಬರೆದು ಹಾಕುತ್ತಿದ್ದರಂತೆ. ಬೊಬ್ಬೆಯಿಲ್ಲ, ಮೆಜೆಸ್ಟಿಕ್ ಇಲ್ಲ, ಬರೀ ಒಂದು ಅಂಕಿ. ಅದನ್ನು ಓದಿದವನಿಗೆ ದೋಸೆ ಎಷ್ಟು ರುಚಿಸಿರಬೇಕು!

ನಮ್ಮ ಪುಡಿ ಅಂಗಡಿಯವರ ಹತ್ತಿರವೂ ಅಂಥ ಬೋರ್ಡಿಗೆ ಯೋಗ್ಯವಾದ ಮಾತೊಂದಿದೆ. ತೂಗುವ ಹುಡುಗ ಮೆಲ್ಲಗೆ ಹೇಳಿದ್ದು. ಒಮ್ಮೆ ಹುರಿಯುವಾಗ ಮೆಣಸಿನಕಾಯಿ ಸೀದು, ಪುಡಿ ಕಹಿಯಾಯಿತಂತೆ. ನಲವತ್ತು ಕಿಲೋ. ಬೆಲ್ಲ, ಹುಣಸೆ ಜಾಸ್ತಿ ಹಾಕಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಇವರು ಅಷ್ಟನ್ನೂ ಸುರಿಸಿ, ಅಷ್ಟರಲ್ಲಿ ಒಯ್ದಿದ್ದವರ ಮನೆ ಮನೆಗೆ ಹೋಗಿ ದುಡ್ಡು ವಾಪಸು ಕೊಟ್ಟರಂತೆ. "ಇದನ್ನ ಯಾಕೆ ಹೇಳಲ್ಲ ನೀವು?" ಎಂದು ಕೇಳಿದೆ. ಮುಖ ಕೆಂಪಾಯಿತು. "ಸೀದಿದ್ದನ್ನ ಹೇಳ್ಕೊಂಡ್ರೆ ಯಾರು ತಗೋತಾರೆ ಸಾರ್?" ಎಂದು, ಮೊದಲ ಸಲ ಮರುಮಾತಿಲ್ಲದೆ ಪೊಟ್ಟಣ ಕಟ್ಟಿಕೊಟ್ಟರು. ಆವತ್ತು ಇಡ್ಲಿ ಬಿಸಿಯಾಗಿಯೇ ಸಿಕ್ಕಿತು.

ನಗುವಷ್ಟು ಯೋಗ್ಯತೆ ನನಗೂ ಇಲ್ಲ, ಬಿಡಿ. ಸ್ವಂತ ದುಡ್ಡಿನಲ್ಲಿ ಪುಸ್ತಕ ಅಚ್ಚು ಹಾಕಿಸಿದಾಗ ಬೆನ್ನುಪುಟದಲ್ಲಿ "ಬೀದಿದೀಪದ ಕೆಳಗೆ ಓದಿ ಬೆಳೆದವರು" ಎಂದು ಬರೆಸಿದ್ದೆ. ಬೀದಿದೀಪದ ಕೆಳಗೆ ನಾನು ನಿಲ್ಲುತ್ತಿದ್ದದ್ದು ನಿಜ, ಗೆಳೆಯರ ಜೊತೆ ಹರಟೆಗೆ. ಪುಸ್ತಕ ನೋಡಿ ಅಕ್ಕ ಫೋನು ಮಾಡಿದಳು: "ಏನೋ, ನಮ್ಮನೇಲಿ ಕರೆಂಟ್ ಇರ್ಲಿಲ್ವಾ? ಅಪ್ಪ ಬಿಲ್ಲು ಕಟ್ತಿರ್ಲಿಲ್ವಾ?" ಎರಡು ತಿಂಗಳು ಮಾತು ಬಿಟ್ಟಳು. ಹೈಸ್ಕೂಲು ಗುಮಾಸ್ತರಾಗಿ ಒಂದು ತಿಂಗಳೂ ಬಿಲ್ಲು ತಪ್ಪಿಸದ ಅಪ್ಪನನ್ನು, ನಾಲ್ಕು ಪ್ರತಿ ಹೆಚ್ಚು ಹೋಗಲಿ ಎಂದು, ನಾನು ಕತ್ತಲಲ್ಲಿ ಕೂರಿಸಿದ್ದೆ. ಆ ನಾಲ್ಕೂ ಹೋಗಲಿಲ್ಲ.

ಇದು ನೆನಪಾದದ್ದು ಕಳೆದ ತಿಂಗಳು, ಅಂಗಡಿಯಲ್ಲಿ ಆ ತಾಯಿಯನ್ನೇ ಕಂಡಾಗ. ಮೂಲೆಯ ಕುರ್ಚಿಯಲ್ಲಿ ಬತ್ತಿ ಹೊಸೆಯುತ್ತಾ ಕೂತಿದ್ದರು. ಮಗ ಬ್ಯಾಂಕಿಗೆ ಹೋಗಿದ್ದರು. ಪೊಟ್ಟಣದ ಮೇಲಿನ ಮುಖ ಎಂದು ಗುರುತು ಹಿಡಿದು, "ಒರಳಲ್ಲಿ ಕುಟ್ಟಿ ಕುಟ್ಟಿ ತುಂಬಾ ಕಷ್ಟಪಟ್ರಂತೆ ಅಮ್ಮಾ" ಎಂದೆ.

"ಒರಳೆಲ್ಲಿ ಬಂತಪ್ಪಾ? ಮಿಕ್ಸಿ ಇತ್ತು. ನಮ್ಮೆಜಮಾನ್ರು ಚೀಟಿ ದುಡ್ಡಲ್ಲಿ ತಂದುಕೊಟ್ಟಿದ್ರು." ಬತ್ತಿ ಬದಿಗಿಟ್ಟರು. "ಫೋಟೋ ತೆಗೆಯೋ ದಿನ ಮೈಸೂರು ಸಿಲ್ಕ್ ಉಟ್ಕೋತೀನಿ ಅಂದೆ. ಬೇಡ ಅಂದ. ಹಳೇ ನೂಲಿನ ಸೀರೆ ಉಡಿಸ್ದ, ಬಳೇನೂ ತೆಗೆಸ್ದ. ಊರೋರೆಲ್ಲ ನೋಡಲ್ವಾ ಅದನ್ನ?"

ಏನು ಹೇಳಲಿ? ಕಾಲು ಕಿಲೋ ಕೇಳಿದೆ. ಅವರೇ ಕೈ ಚಾಚಿ ಪಕ್ಕದ ಶೆಲ್ಫಿನಿಂದ ತೆಗೆದುಕೊಟ್ಟರು. ಆಗ ಗಮನಿಸಿದೆ. ಅವರ ಕೈಗೆ ಎಟುಕುವಷ್ಟು ಪೊಟ್ಟಣಗಳೂ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದವು.