ಹೂಕುಂಡದ ಪುಣ್ಯ

ಇಂದಿರಾನಗರದ ನಮ್ಮ ಬೀದಿಯಲ್ಲಿ ನೆಂಟರು ಬಂದರೆ ಕಾಫಿಗೆ ಮುಂಚೆ ಕೇಳುವ ಪ್ರಶ್ನೆ ಒಂದೇ: "ಗಾಡಿ ಎಲ್ಲಿ ನಿಲ್ಲಿಸಿದ್ರಿ?" ನಾಲ್ಕು ಜನಕ್ಕೆ ಹಾಲಿನಲ್ಲೇ ಚಾಪೆ ಹಾಸಿ ಮಲಗಿಸಬಹುದು. ಅವರ ಕಾರನ್ನು ಎಲ್ಲಿ ಮಲಗಿಸುವುದು?

ನಮ್ಮ ಕಾರು ಎಲ್ಲಿ ಮಲಗುತ್ತದೆ ಎಂದು ನೀವು ಕೇಳಬಾರದು. ಆದರೂ ಹೇಳಿಬಿಡುತ್ತೇನೆ. ಮನೆ ಕಟ್ಟಿಸುವಾಗ ಪ್ಲಾನಿನಲ್ಲಿ ಚೆಂದವಾದ ಕಾರ್ ಶೆಡ್ ಇತ್ತು. ಪ್ಲಾನು ಮಂಜೂರಾಯಿತು, ಶೆಡ್ಡಿಗೆ ಶಟರ್ ಬಂತು, ಶಟರಿನ ಹಿಂದೆ ಬ್ಲೌಸ್ ಹೊಲಿಯುವ ಅಂಗಡಿ ಬಂತು. ಬಾಡಿಗೆ ನನಗೆ, ಕಾರು ರಸ್ತೆಗೆ. ಕಾರು ಆಚೆ ಹೋದಾಗ ಜಾಗ ಕಾಯಲು ಒಂದು ಸಿಮೆಂಟ್ ಕುಂಡ ಇಟ್ಟಿದ್ದೇನೆ, ಅದರಲ್ಲಿ ದಾಸವಾಳ. ಗೇಟಿಗೆ ಬೋರ್ಡೂ ತೂಗುಹಾಕಿದ್ದೇನೆ: "ಇಲ್ಲಿ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು."

ನಾನೊಬ್ಬನೇ ಅಂದುಕೊಳ್ಳಬೇಡಿ. ಎದುರು ಮನೆಯವರದು ಸುಣ್ಣ ಬಳಿದ ಎರಡು ಕಲ್ಲು. ಮೂಲೆ ಮನೆಯವರದು ಮುರಿದ ಪ್ಲಾಸ್ಟಿಕ್ ಕುರ್ಚಿ, ಅದಕ್ಕೊಂದು ಹಗ್ಗ. 12ನೇ ಮೇನಿನ ಹೋಟೆಲುಗಳದು ಕಿತ್ತಳೆ ಬಣ್ಣದ ಕೋನು. ರಸ್ತೆ ಸರ್ಕಾರದ್ದು ಎನ್ನುವುದು ಶಾಲೆಯ ಪುಸ್ತಕದ ಮಾತು. ನಮ್ಮ ಬೀದಿಯ ಸರ್ವೆ ಕಲ್ಲುಗಳು ಇವೇ. ಜಪಾನಿನವರು ಈ ವಿಷಯದಲ್ಲಿ ಬಹಳ ಒರಟು ಜನ. 1962ರಲ್ಲೇ ಒಂದು ಕಾನೂನು ಮಾಡಿ, ಕಾರು ಬೇಕಾದರೆ ಅದನ್ನು ನಿಲ್ಲಿಸಲು ಸ್ವಂತದ್ದೋ ಬಾಡಿಗೆಯದೋ ಜಾಗ ಉಂಟೆಂದು ಮೊದಲು ಪೊಲೀಸರಿಂದ ಚೀಟಿ ತನ್ನಿ ಎಂದುಬಿಟ್ಟರು. ಇಲ್ಲಿ ಅದು ಬಂದರೆ ಪೊಲೀಸರಿಗೆ ನಾನು ಬ್ಲೌಸಿನ ಅಂಗಡಿ ತೋರಿಸಬೇಕು.

ಮೊನ್ನೆ ದಾವಣಗೆರೆಯಿಂದ ಭಾಮೈದ ಬಂದ, ಹೊಸ ಕಾರಿನಲ್ಲಿ. ನಮ್ಮ ಕಾರು ಸರ್ವೀಸಿಗೆ ಹೋಗಿತ್ತು, ಕುಂಡ ಕಾವಲಿಗಿತ್ತು. ಊಟಕ್ಕೆ ಹೊರಟೆವು. ಹೋಟೆಲು ನಾಲ್ಕು ಕ್ರಾಸ್ ಆಚೆ, ನಡೆದೇ ಹೋಗೋಣ ಎಂದೆ.

"ಹೊಸ ಕಾರು ಇಟ್ಕೊಂಡು ನಡಿಯೋದೇನ್ ಭಾವಾ? ಅಲ್ಲಿ ವ್ಯಾಲೆ ಐತಂತೆ" ಎಂದ.

ಹೋಟೆಲಿನ ಮುಂದೆ ದೊಡ್ಡ ಛತ್ರಿ, ಅದರ ಕೆಳಗೆ ಪುಟ್ಟ ಮೇಜು, ಕೀ ನೇತುಹಾಕುವ ಹಲಗೆ, ವಾಕಿಟಾಕಿ ಹಿಡಿದ ಹುಡುಗ. ರಾಯಚೂರು ಕಡೆಯವನು. "ಕೀ ಕೊಡ್ರಿ ಸರ, ಗಾಡಿ ಚಿಂತಿ ಬಿಡ್ರಿ" ಎಂದ. ಭಾಮೈದ ಮಗಳನ್ನು ಧಾರೆ ಎರೆದುಕೊಟ್ಟ ಮಾವನ ಹಾಗೆ ಕೀ ಒಪ್ಪಿಸಿ, ಕಾರು ತಿರುವಿನಲ್ಲಿ ಮರೆಯಾಗುವ ತನಕ ನಿಂತು ನೋಡಿದ. ಕೈಗೆ ಬಂದ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ವಾಹನದ ಹೊಣೆ ಮಾಲೀಕರದೇ" ಎಂದಿತ್ತು. ಅದನ್ನು ಓದಿದ ಮೇಲೆ ಅವನಿಗೆ ಸೂಪ್ ಇಳಿಯಲಿಲ್ಲ.

ಧೈರ್ಯ ತುಂಬಲು ನಾನು ಕತೆ ತೆಗೆದೆ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಒಬ್ಬರು ಮಾರುತಿ ಝೆನ್‌ನಲ್ಲಿ ಹೋಗಿ, ಹೀಗೇ ಕೀ ಕೊಟ್ಟು ಒಳಗೆ ಹೋದರು. ನಡುರಾತ್ರಿ ಕಳೆದು ಈಚೆ ಬಂದರೆ ಕಾರಿಲ್ಲ. ಬೇರೆ ಕಾರಿನಲ್ಲಿ ಬಂದಿದ್ದ ಹುಡುಗರಲ್ಲಿ ಒಬ್ಬ ಮೇಜಿನಿಂದ ಇವರ ಕೀ ಎತ್ತಿಕೊಂಡು ಓಡಿಸಿಕೊಂಡು ಹೋಗಿದ್ದ. ಚೀಟಿಯಲ್ಲಿ ಅಚ್ಚಾಗಿದೆಯಲ್ಲ, ಹೊಣೆ ನಿಮ್ಮದೇ ಎಂದಿತು ಹೋಟೆಲು. ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 2019ರ ನವೆಂಬರಿನಲ್ಲಿ ತೀರ್ಪು ಬಂತು: ಕೀ ಇಸ್ಕೊಂಡ ಮೇಲೆ ಕಾರನ್ನು ಜೋಪಾನವಾಗಿ ಹಿಂತಿರುಗಿಸುವ ಹೊಣೆ ಹೋಟೆಲಿನದು, ತನ್ನ ಅಜಾಗರೂಕತೆಯನ್ನು ಚೀಟಿಯ ಹಿಂದೆ ಬಚ್ಚಿಡುವ ಹಾಗಿಲ್ಲ. "ಬರೆದವರು ಯಾರು ಗೊತ್ತೇನೋ? ನಮ್ಮ ಹಾವೇರಿ ಜಿಲ್ಲೆಯ ನ್ಯಾಯಮೂರ್ತಿ ಮೋಹನ ಶಾಂತನಗೌಡರ!"

ಭಾಮೈದ ಬೆರಳೆಣಿಸಿದ. "ಇಪ್ಪತ್ತೊಂದು ವರ್ಷ ಭಾವಾ! ಅಷ್ಟೊತ್ತಿಗೆ ನನ್ ಲೋನೂ ಮುಗಿದಿರ್ತೈತಿ, ನಾನೂ ಮುಗಿದಿರ್ತೀನಿ."

ಮಟನ್ ಬಂದ ಮೇಲೆ ಅವನು ಸ್ವಲ್ಪ ಸುಧಾರಿಸಿದ, ನನಗೆ ಭಾಷಣದ ಹುಕಿ ಬಂತು. "ಈ ಹೋಟೆಲಿಗೆ ಸ್ವಂತ ಜಾಗ ಇದೆ ಅಂದ್ಕೊಂಡ್ಯಾ? ನೆಲಮಾಳಿಗೆಯಲ್ಲಿ ಬಾರ್ ಇದೆ. ನಿನ್ನ ಕಾರು ಹೋಗಿರೋದು ಯಾವುದೋ ಮನೆ ಮುಂದಕ್ಕೆ. 1935ರಲ್ಲಿ ಅಮೆರಿಕದ ಒಕ್ಲಹೋಮ ಸಿಟಿಯಲ್ಲಿ ಮೊದಲ ಪಾರ್ಕಿಂಗ್ ಮೀಟರು ನೆಟ್ಟಾಗ ಗಂಟೆಗೆ ಐದು ಸೆಂಟು. ಜನ ಬೈದುಕೊಂಡೇ ಹಾಕಿದರು. ಆದರೆ ಆ ಕಾಸು ಊರಿನ ಬೊಕ್ಕಸಕ್ಕೆ ಹೋಗ್ತಿತ್ತು. ಇಲ್ಲಿ ನಮ್ಮ ಬೀದಿಯನ್ನ ನಮಗೇ ನೂರು ರೂಪಾಯಿಗೆ ಬಾಡಿಗೆ ಕೊಡ್ತಾರೆ. ಜನಕ್ಕೆ ನಾಚಿಕೆ ಅನ್ನೋದೇ ಇಲ್ಲ!" ನನ್ನಾಕೆ ಏನೂ ಹೇಳದೆ ಮೊಸರನ್ನ ಕಲಸಿದಳು. ಅವಳು ಹಾಗೆ ಸುಮ್ಮನಿದ್ದರೆ ನನಗೆ ಶೆಡ್ಡಿನ ನೆನಪಾಗುತ್ತದೆ.

ಊಟ ಮುಗಿಸಿ ಚೀಟಿ ಕೊಟ್ಟೆವು. ಇಪ್ಪತ್ತು ನಿಮಿಷವಾದರೂ ಕಾರಿಲ್ಲ. "ಈ ರೋಡು ಪೂರಾ ಜಾಮ್ ಆಗೇದ ಸರ, ತರಾಕ ಆಗಂಗಿಲ್ಲ. ಬರ್ರಿ, ಗಾಡಿ ಕಡೀಗೆ ನಡಕೊಂಡು ಹೋಗೋಣು" ಎಂದ ಹುಡುಗ. ಅವನ ಹಿಂದೆ ನಡೆದೆವು. ಮೊದಲನೆಯ ಕ್ರಾಸು, ಎರಡನೆಯದು, ಮೂರನೆಯದು. ದಾರಿ ನನ್ನ ಕಾಲಿಗೆ ಯಾಕೋ ತೀರಾ ಪರಿಚಯ ಎನಿಸತೊಡಗಿತು.

ನಾಲ್ಕನೆಯ ಕ್ರಾಸಿನಲ್ಲಿ ನಮ್ಮ ಮನೆ. ನಮ್ಮ ಗೇಟು. ಗೇಟಿಗೆ ನನ್ನ ಬೋರ್ಡು. ಬೋರ್ಡಿನ ಕೆಳಗೆ ಭಾಮೈದನ ಕಾರು. ಕುಂಡ ಮೋರಿ ಪಕ್ಕಕ್ಕೆ ಸರಿದು, ದಾಸವಾಳ ತಲೆ ತಗ್ಗಿಸಿ ನಿಂತಿತ್ತು. ನಾಲ್ಕೂ ಚಕ್ರದಲ್ಲಿ ಗಾಳಿ ಭದ್ರವಾಗಿತ್ತು, ಯಾಕೆಂದರೆ ಗಾಳಿ ಬಿಡಬೇಕಾದವನು ಮಟನ್ ತಿನ್ನುತ್ತಿದ್ದ.

"ಇದು ಕುಂಡದ ಮನಿ ಸರ" ಎಂದ ಹುಡುಗ, ಮನೆ ದೇವರನ್ನು ತೋರಿಸುವವನ ಭಕ್ತಿಯಿಂದ. "ನಮ್ ಹುಡುಗ್ರೆಲ್ಲಾ ಹಂಗ ಕರೀತೀವಿ. ಬ್ಯಾರೆ ಕಡೆ ಜಾಗಾ ಸಿಗಾದ ಕಷ್ಟ. ಇಲ್ಲಿ ಯಾರೋ ಪುಣ್ಯಾತ್ಮ ತನ್ ಕಾರು ಹೊರಗ ಹೋದಾಗೆಲ್ಲಾ ಕುಂಡ ಇಟ್ಟು ಜಾಗಾ ಹಿಡದಿಟ್ಟಿರ್ತಾನ. ನಾವು ಬಂದು ಕುಂಡ ಸರಸಾದಷ್ಟ."

ನನ್ನಾಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಭಾಮೈದ ನೂರರ ನೋಟು ತೆಗೆದು, "ಇದನ್ನ ಇವನಿಗೆ ಕೊಡ್ಲೋ, ಪುಣ್ಯಾತ್ಮಗೆ ಕೊಡ್ಲೋ ಭಾವಾ?" ಎಂದ.

"ಮನಿ ದೂರ ಏನ್ರಿ ಸರ?" ಹುಡುಗ ಕೇಳಿದ. ಇದೇ ನಮ್ಮ ಮನೆ ಎನ್ನಲು ಬಾಯಿ ಬರಲಿಲ್ಲ. ಮೂವರೂ ಗಂಭೀರವಾಗಿ ಕಾರು ಹತ್ತಿದೆವು. ಒಂದು ಸುತ್ತು ಹಾಕಿ, ಅವನು ಹೋದ ಮೇಲೆ ಬಂದು ನಿಲ್ಲಿಸುವುದು ನನ್ನ ಉಪಾಯ. ಕನ್ನಡಿಯಲ್ಲಿ ನೋಡಿದರೆ ಅವನು ಕುಂಡವನ್ನು ಎಳೆದು ನಡುವೆ ಇಟ್ಟು, ವಾಕಿಟಾಕಿಗೆ ಏನೋ ಹೇಳುತ್ತಿದ್ದ.

ಸುತ್ತು ಮುಗಿಸಿ ಬರುವಷ್ಟರಲ್ಲಿ ನಮ್ಮ ಗೇಟಿನ ಮುಂದೆ ಯಾರದೋ ಬಿಳಿ ಕಾರು. ಕುಂಡ ಮತ್ತೆ ಮೋರಿ ಪಕ್ಕ.

ಎರಡು ಕ್ರಾಸ್ ಆಚೆ ಒಂದು ಜಾಗ ಸಿಕ್ಕಿತು. ಯಾರೋ ಸುಣ್ಣ ಬಳಿದ ಕಲ್ಲು ಇಟ್ಟಿದ್ದರು. ಆಚೀಚೆ ನೋಡಿ, ಇಳಿದು, ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದವನು ನಾನೇ. ಆ ಪುಣ್ಯಾತ್ಮರು ಯಾರೋ, ಚೆನ್ನಾಗಿರಲಿ.