ನಡುವಿನ ಪದ ಒಡೆಯೋ ಲೆಕ್ಕ

ಅಕ್ಕಾ, ಮಗಳು ಮತ್ತೆ ಅಪವರ್ತನದ ಲೆಕ್ಕ ಹಿಡ್ಕೊಂಡು ಕೂತಿದಾಳಾ? ಬೈಬೇಡಿ ಪಾಪ, ಒಂಬತ್ತನೇ ಕ್ಲಾಸಲ್ಲಿ ಎಷ್ಟೋ ಮಕ್ಕಳು ಎಡವೋ ಜಾಗ ಅದು. ಟ್ಯೂಷನ್ನೂ ಬೇಡ. ನಮ್ಮ ಚಂದ್ರಾ ಲೇಔಟಿನ ಸೈಟನ್ನೇ ತೋರಿಸಿ. 1200 ಚದರ ಅಡಿ ಅಂದ ತಕ್ಷಣ ಇಲ್ಲಿ ಯಾರೇ ಆಗ್ಲಿ 30/40 ಅಂತಾರೆ. ಆದ್ರೆ 20/60 ಇದ್ರೂ 1200 ತಾನೆ? ಉದ್ದ ಅಗಲ ಕೂಡಿದ್ರೆ 70 ಅಂತ ಗೊತ್ತಾದ್ರೆ ಮಾತ್ರ 30, 40 ಅಂತ ತೀರ್ಮಾನ. ಎಕ್ಸ್ ಸ್ಕ್ವೇರ್ ಪ್ಲಸ್ 70 ಎಕ್ಸ್ ಪ್ಲಸ್ 1200 ಕೊಟ್ಟು ಪುಸ್ತಕ ಕೇಳೋದೂ ಇದನ್ನೇ. ಒಂದು ಬ್ರಾಕೆಟ್ಟಲ್ಲಿ ಎಕ್ಸ್ ಪ್ಲಸ್ 30, ಇನ್ನೊಂದರಲ್ಲಿ ಎಕ್ಸ್ ಪ್ಲಸ್ 40.

ಮಕ್ಕಳು ನಿಜವಾಗಿ ಸೋಲೋದು ಎಕ್ಸ್ ಸ್ಕ್ವೇರ್‌ಗೆ ಅಂಟಿಕೊಂಡು ಒಂದು ಅಂಕಿ ಬಂದಾಗ. 2 ಎಕ್ಸ್ ಸ್ಕ್ವೇರ್ ಪ್ಲಸ್ 7 ಎಕ್ಸ್ ಪ್ಲಸ್ 3 ತಗೊಳ್ಳಿ. ಮೊದಲಿನ 2, ಕೊನೆಯ 3 ಗುಣಿಸಿದ್ರೆ 6. ಗುಣಿಸಿ 6, ಕೂಡಿ 7 ಆಗೋ ಜೋಡಿ 6 ಮತ್ತು 1. ನಡುವಿನ 7 ಎಕ್ಸನ್ನ 6 ಎಕ್ಸ್, ಒಂದು ಎಕ್ಸ್ ಅಂತ ಒಡೀಬೇಕು. ಮೊದಲೆರಡು ಪದದಿಂದ 2 ಎಕ್ಸ್ ಆಚೆ ಬರುತ್ತೆ, ಒಳಗೆ ಎಕ್ಸ್ ಪ್ಲಸ್ 3. ಮಿಕ್ಕಿದ್ದೂ ಎಕ್ಸ್ ಪ್ಲಸ್ 3. ಅದರ ಮುಂದೆ 1 ಬರೀಲೇಬೇಕು ಅಕ್ಕಾ! 'ಆಚೆ ಏನೂ ಬರ್ಲಿಲ್ಲ' ಅಂತ ಬಿಟ್ಟರೆ 2 ಎಕ್ಸ್ ಪ್ಲಸ್ 1 ಅನ್ನೋ ಅಪವರ್ತನ ಕೈತಪ್ಪಿ ಹೋಗುತ್ತೆ.

ಇನ್ನು ನಡುವಿನ ಪದವೇ ಇಲ್ಲದ ಲೆಕ್ಕಗಳು. ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದ್ರಲ್ಲ, ಅದರಲ್ಲಿ ವರ್ಗ ಮಾಡೋ ಒಂದು ದಾರಿ ಇದೆ. 97ರ ವರ್ಗ ಬೇಕಾ? 3 ಕೂಡಿಸಿದ್ರೆ 100, ಕಳೆದ್ರೆ 94. ಗುಣಿಸಿದ್ರೆ 9400, 3ರ ವರ್ಗ 9 ಸೇರಿಸಿದ್ರೆ 9409. ಎ ಸ್ಕ್ವೇರ್ ಮೈನಸ್ ಬಿ ಸ್ಕ್ವೇರ್ ಸೂತ್ರ ಅಂತ ಮಗಳು ಉರು ಹೊಡೀತಿರೋದು ಇದನ್ನೇ. ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತಲೂ ಅವರು ಹೇಳಿದಾರೆ. ಎಕ್ಸ್ ಸ್ಕ್ವೇರ್ ಪ್ಲಸ್ 9 ಶಾಲೆಯ ಲೆಕ್ಕದಲ್ಲಿ ಒಡೆಯದೇ ಇರೋದು ಅದಕ್ಕೇ. ಇದನ್ನ ಅವಳಿಗೆ ಹೇಳಿ, ಖುಷಿ ಪಡ್ತಾಳೆ.

ಉತ್ತರ ಬಂದ್ಮೇಲೆ ಎರಡು ಬ್ರಾಕೆಟ್ಟನ್ನೂ ಗುಣಿಸಿ ನೋಡ್ಲಿ. ಟೈಮಿಲ್ಲ ಅಂದ್ರೆ ಎಕ್ಸ್ ಜಾಗಕ್ಕೆ 1 ಹಾಕ್ಲಿ: ಆ 2 ಎಕ್ಸ್ ಸ್ಕ್ವೇರ್ ಪ್ಲಸ್ 7 ಎಕ್ಸ್ ಪ್ಲಸ್ 3 ಲೆಕ್ಕದಲ್ಲಿ ಪ್ರಶ್ನೆ 12 ಆಗುತ್ತೆ, ಉತ್ತರ 3 ಇಂಟು 4. ತಾಳೆ ಆಗ್ಲಿಲ್ಲ ಅಂದ್ರೆ ಎಲ್ಲೋ ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತೆ. ಇಷ್ಟು ಮಾಡದೆ ಮುಂದಿನ ಲೆಕ್ಕಕ್ಕೆ ಹೋಗೋಕೆ ಬಿಡಬೇಡಿ.